ಬಣ್ಣದ ಕೆಳಗಿನ ಲೇಪ

ಯಾರ ಕಣ್ಣಿಗೂ ಬೀಳದ ಕೆಲಸವನ್ನು ಮನುಷ್ಯನು ಅಚ್ಚುಕಟ್ಟಾಗಿ ಏಕೆ ಮಾಡಬೇಕು? ಉತ್ತರ ಸುಲಭವೆಂದು ತೋರಬಹುದು. ಒಂದು ಗೊಂಬೆಯನ್ನು ಎದುರಿಗಿಟ್ಟುಕೊಂಡು ವಿಚಾರಿಸೋಣ.

ಮೆಟ್ರಿ, ಕಂಪ್ಲಿಯ ಸೀಮೆಯವರಿಗೆ ತುಂಗಭದ್ರೆಯ ಆಚೆಗಿರುವ ಕಿನ್ನಾಳ ಅಪರಿಚಿತ ಊರಲ್ಲ. ಕೊಪ್ಪಳದ ಸಮೀಪದ ಈ ಗ್ರಾಮದ ಚಿತ್ರಗಾರ ಮನೆತನಗಳು ಹಗುರವಾದ ಮರದಿಂದ ಗೊಂಬೆಗಳನ್ನು ಮಾಡುತ್ತ ಬಂದಿವೆ. ಹಂಪೆಯ ವಿರೂಪಾಕ್ಷ ದೇವಾಲಯದ ಚಿತ್ರಗಳು ಇವರ ಪೂರ್ವಿಕರ ಕೈಯವೆಂಬ ಪ್ರತೀತಿಯಿದೆ. ಗೊಂಬೆಯ ಅಂಗಗಳನ್ನು ಜೋಡಿಸಿದೊಡನೆ ಇವರು ಬಣ್ಣಕ್ಕೆ ಕೈಹಾಕುವುದಿಲ್ಲ. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಮತ್ತು ಹುಣಿಸೆ ಬೀಜದ ಅಂಟಿನೊಡನೆ ಕಲಸಿದ ‘ಕಿಟ್ಟ’ವನ್ನು ಮೈಗೆಲ್ಲ ಸವರುತ್ತಾರೆ. ಅದರ ಮೇಲೆ ಹತ್ತಿಯ ತುಣುಕುಗಳನ್ನು ಅಂಟಿಸಿ, ಕಲ್ಲಿನ ಪುಡಿಯ ಲೇಪ ಕೊಡುತ್ತಾರೆ. ಬಣ್ಣದ ಸರದಿ ಅನಂತರದ್ದು.

ಮರವು ತೇವಕ್ಕೆ ಹಿಗ್ಗಿ, ಒಣಹವೆಗೆ ಕುಗ್ಗುತ್ತದೆ. ಬರಿಯ ಮರಕ್ಕೆ ಹಚ್ಚಿದ ಬಣ್ಣ ಒಂದೆಡೆ ಹೀರಿಹೋಗಿ, ಕೀಲುಗಳಲ್ಲಿ ಬಿರುಕುಬಿಟ್ಟು, ಕೊನೆಗೆ ಸಿಪ್ಪೆಯಂತೆ ಏಳಬಹುದು. ಲೇಪವು ನಡುವೆ ನಿಂತು ಎರಡನ್ನೂ ಹಿಡಿದಿಡುತ್ತದೆ.

ಆ ಲೇಪವೂ ಕೀಲನ್ನು ಮರೆಮಾಚುತ್ತದಲ್ಲವೇ, ಅದೂ ಒಂದು ಮೋಸವಲ್ಲವೇ ಎಂದು ನೀವು ಕೇಳಬಹುದು. ಮುಚ್ಚುವುದರಲ್ಲಿ ಎರಡು ಬಗೆಯಿದೆ. ಕೀಲನ್ನು ಬಿಗಿದು ಮುಚ್ಚುವುದು ಒಂದು. ಕೂಡದ ಕೀಲಿನ ಮೇಲೆ ಬಣ್ಣ ಬಳಿಯುವುದು ಇನ್ನೊಂದು. ಮಾರುವ ದಿನ ಎರಡೂ ಒಂದೇ ತೆರನಾಗಿ ಹೊಳೆಯುತ್ತವೆ. ಕೊಳ್ಳುವವನು ಒಳಗನ್ನು ಪರೀಕ್ಷಿಸಲಾರ. ಆದುದರಿಂದಲೇ ಕಾಣದ ಭಾಗವು ಅವನ ನಂಬಿಕೆಯ ಒತ್ತೆಯಾಗಿದೆ.

ಹಾಗಾದರೆ ಲೇಪವನ್ನು ಕಡಿಮೆ ಮಾಡಿದವನೊಬ್ಬನೇ ತಪ್ಪಿತಸ್ಥನೇ? ನಾವು ಬೆಲೆ ಕಟ್ಟುವುದು ಬಣ್ಣವನ್ನು ನೋಡಿ. ಚೌಕಾಸಿ ಮಾಡಿ ಬೆಲೆಯಿಳಿಸಿದಾಗ ಕುಶಲಕರ್ಮಿಯು ಎಲ್ಲಿ ಉಳಿತಾಯ ಮಾಡಬಲ್ಲನು? ಕಾಣುವ ಬಣ್ಣದಲ್ಲಿ ಸಾಧ್ಯವಿಲ್ಲ. ಕಾಣದ ಲೇಪದಲ್ಲಿ, ಅದು ಒಣಗಲು ಬೇಕಾದ ಸಮಯದಲ್ಲಿ ಮಾತ್ರ ಸಾಧ್ಯ. ಅವನ ತಪ್ಪು ಇದರಿಂದ ಅಳಿಯುವುದಿಲ್ಲ. ಆದರೆ ಅದರಲ್ಲಿ ನಮ್ಮದೂ ಒಂದು ಪಾಲು ಸೇರುತ್ತದೆ.

ಶಿಕ್ಷಕರು ಪಾಠಕ್ಕೆ ಮುನ್ನ ಮಾಡುವ ಸಿದ್ಧತೆ, ದಾದಿಯರು ಕೈತೊಳೆಯುವ ಶ್ರದ್ಧೆ, ಮನೆಯ ಹೆಣ್ಣುಮಕ್ಕಳು ಅಕ್ಕಿಯಲ್ಲಿ ಕಲ್ಲು ಆರಿಸುವ ತಾಳ್ಮೆ, ಇವೆಲ್ಲವೂ ಇಂಥ ಲೇಪಗಳೇ. ಇವುಗಳಿಗೆ ನಾವು ಕೊಡುವ ಬೆಲೆಯೆಷ್ಟು? ಪ್ರಾಮಾಣಿಕತೆಯನ್ನು ಇತರರಿಂದ ನಿರೀಕ್ಷಿಸುವ ಮೊದಲು, ಅದಕ್ಕೆ ಬೇಕಾದ ಸಮಯವನ್ನೂ ಕೂಲಿಯನ್ನೂ ನಾವು ಕೊಟ್ಟಿದ್ದೇವೆಯೇ ಎಂದು ಕೇಳಿಕೊಳ್ಳುವುದು ನ್ಯಾಯವಲ್ಲವೇ?