ಎರಡು ಗೀಟಿನ ನಡುವೆ ಕಳೆದುಹೋದ ‘ಬೇಡ’

ಸರ್ವರ್‌ನಿಂದ ಬರುವ ಜೇಸನ್ ಸಾಮಾನ್ಯವಾಗಿ ಒಂದೇ ಸಾಲು. ಸಂತೆ ದಿನ ನಮ್ಮೂರ ಬಸ್ಸಿನ ಹಾಗೆ, ಯಾರ ಚೀಲ ಯಾರ ಕೈಲಿದೆ ಗೊತ್ತಾಗಲ್ಲ. ಟರ್ಮಿನಲ್‌ನಲ್ಲಿ ಅದನ್ನು ಜೆಕ್ಯೂಗೆ ಪೈಪ್ ಮಾಡಿ ಒಂದು ಚುಕ್ಕಿ ಇಟ್ಟರೆ ಎಲ್ಲ ಅಚ್ಚುಕಟ್ಟಾಗಿ ಸಾಲು ನಿಲ್ಲುತ್ತೆ. ಕೀಸ್ ಅಂದರೆ ಒಳಗೆ ಏನೇನಿದೆ ಅಂತ ಹೆಸರು ಹೇಳುತ್ತೆ. ಸ್ಟೀಫನ್ ಡೋಲನ್ 2012ರಲ್ಲಿ ಹೊರತಂದ ಈ ಪುಟ್ಟ ಟೂಲ್ ಇಲ್ಲದೆ ನನ್ನ ದಿನ ಸಾಗಲ್ಲ.

ಆದರೆ ಅದರಲ್ಲಿರೋ ಒಂದು ಗುರುತು ನನ್ನನ್ನು ಕಾಡುತ್ತೆ: ಎರಡು ಓರೆ ಗೀಟು, //. ಎಡಗಡೆ ಏನೂ ಸಿಗದಿದ್ದರೆ ಬಲಗಡೆಯದ್ದನ್ನು ತಗೋ ಅಂತ ಅರ್ಥ. ಊರಿನ ಹೆಸರು ಖಾಲಿ ಇದ್ದರೆ ‘ಗೊತ್ತಿಲ್ಲ’ ಅಂತ ತುಂಬೋಕೆ ಬಹಳ ಚೆನ್ನ. ಈಗ ಗ್ರಾಹಕರ ಪಟ್ಟಿಯಲ್ಲಿ ಕನ್ಸೆಂಟ್ ಅನ್ನೋ ಕೀ ಇದೆ ಅಂದ್ಕೊಳ್ಳಿ, ನಮ್ಮ ಜಾಹೀರಾತು ಕಳಿಸಬಹುದಾ ಅನ್ನೋದಕ್ಕೆ ಉತ್ತರ. ಅದರ ಮುಂದೆ // ಟ್ರೂ ಅಂತ ಬರೆದರೆ ಉತ್ತರ ಕೊಡದವರೆಲ್ಲ ಒಪ್ಪಿದವರಾಗ್ತಾರೆ. ಅಷ್ಟೇ ಆಗಿದ್ದರೂ ಬೇರೆ ಮಾತು. ಈ ಗುರುತಿನ ಕಣ್ಣಿಗೆ ನಲ್ ಮತ್ತು ಫಾಲ್ಸ್ ಎರಡೂ ಒಂದೇ. ಕಳಿಸಬೇಡಿ ಅಂತ ಹುಡುಕಿ ಟಿಕ್ ತೆಗೆದು ಹೋದವರೂ ಟ್ರೂ ಆಗಿ ಹೊರಗೆ ಬರ್ತಾರೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಬಗ್ಗೂ ಅಲ್ಲ, ಮ್ಯಾನ್ಯುಯಲ್‌ನಲ್ಲೇ ಬರೆದಿದೆ.

ನಮ್ಮ ಕಡೆ ಊಟಕ್ಕೆ ಬಡಿಸೋರಿಗೆ ಈ ವ್ಯತ್ಯಾಸ ಗೊತ್ತು. ಎಲೆಗೆ ಅಡ್ಡ ಕೈ ಇಟ್ಟವರು ಬೇರೆ, ಮಾತಲ್ಲಿ ಮುಳುಗಿ ಉತ್ತರ ಕೊಡದವರು ಬೇರೆ, ಪಂಕ್ತಿಗೇ ಬರದವರು ಬೇರೆ. ಗೊತ್ತಿದ್ದೂ ಕೈ ಸರಿಸಿ ಇನ್ನೊಂದು ಹೋಳಿಗೆ ಹಾಕ್ತಾರೆ ಅನ್ನಿ, ಅದು ಪ್ರೀತಿ. ಅದೇ ಪ್ರೀತಿ ಹೆಣ್ಣು ನೋಡೋ ಶಾಸ್ತ್ರಕ್ಕೆ ಬಂದಾಗ ನನಗೆ ಭಯ ಆಗುತ್ತೆ. ಹುಡುಗಿ ಸುಮ್ಮನಿದ್ದರೆ ‘ಮೌನಂ ಸಮ್ಮತಿ ಲಕ್ಷಣಂ’. ಬೇಡ ಅಂದರೆ ‘ನಾಚಿಕೆ, ಆಮೇಲೆ ಸರಿಹೋಗ್ತಾಳೆ’. ಎರಡಕ್ಕೂ ಹಿರಿಯರ ಹತ್ತಿರ ಒಂದೇ ಡೀಫಾಲ್ಟ್. ಜೆಕ್ಯೂ ಹುಟ್ಟೋಕೆ ಎಷ್ಟೋ ತಲೆಮಾರು ಮೊದಲೇ ಆ ಎರಡು ಗೀಟು ನಮ್ಮ ಪಡಸಾಲೆಯಲ್ಲಿತ್ತು.

ಸುಮ್ಮನಿದ್ದವರ ಪರವಾಗಿ ಹೌದು ಅನ್ನೋ ಅಧಿಕಾರ ನಮಗೆ ಯಾರು ಕೊಟ್ಟರು? ಸ್ಪಷ್ಟವಾಗಿ ಹೌದು ಅಂದರೆ ಮಾತ್ರ ಒಪ್ಪಿಗೆ ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹೇಳುತ್ತೆ. ಕೋಡ್‌ನಲ್ಲಿ ಅದಕ್ಕೆ ಹೆಚ್ಚು ಶ್ರಮ ಬೇಕಿಲ್ಲ. ಕೀ ಇದೆಯಾ ಅಂತ ಹ್ಯಾಸ್‌ನಿಂದ ಕೇಳಬಹುದು; ಸೆಲೆಕ್ಟ್ ಒಳಗೆ == ಟ್ರೂ ಅಂತ ಬರೆದರೆ ಹೌದು ಅಂದವರಷ್ಟೇ ಉಳೀತಾರೆ. ಪಟ್ಟಿ ಚಿಕ್ಕದಾಗುತ್ತೆ, ಮಾರ್ಕೆಟಿಂಗ್‌ನವರ ಮುಖವೂ. ಉತ್ತರ ಕೊಡದವರನ್ನ ಯಾವ ಕಡೆ ಸೇರಿಸೋದು ಅಂತ ಅವರು ಕೇಳ್ತಾರೆ. ಯಾವ ಕಡೆಗೂ ಬೇಡ, ನಲ್ ಅಂತಲೇ ಇರಲಿ ಅಂತೀನಿ.