ಒಂದೇ ಗೂಡು, ಎರಡು ಲೆಕ್ಕ

ಯುರೋಪಿನ ಬಿಳಿ ಕೊಕ್ಕರೆ ಮನೆಯ ಹೊಗೆಗೂಡಿನ ಮೇಲೆ, ಕರೆಂಟು ಕಂಬದ ತುದಿಯಲ್ಲಿ ಗೂಡು ಕಟ್ಟಿ ಊರಿನವರ ಕಣ್ಣೆದುರೇ ಸಂಸಾರ ನಡೆಸುತ್ತದೆ. ಅದರ ದಾಯಾದಿ ಕರಿ ಕೊಕ್ಕರೆಗೆ ಜನರೆಂದರೆ ಆಗದು. ಹಳೆಯ ಕಾಡು, ದಪ್ಪ ಕೊಂಬೆಯ ಹಳೆಯ ಮರ, ಹಾರಿ ಹೋಗಿಬರುವಷ್ಟು ದೂರದಲ್ಲಿ ಮೀನು ಸಿಗುವ ತೊರೆ, ಸುತ್ತ ಯಾರ ಓಡಾಟವೂ ಇಲ್ಲದ ಮೌನ, ಇಷ್ಟೂ ಕೂಡಿಬಂದರೆ ಮಾತ್ರ ಅದು ಕಡ್ಡಿ ಜೋಡಿಸಲು ಶುರುಮಾಡುವುದು. ಬಾಲ್ಟಿಕ್ ಕಡಲ ದಂಡೆಯ ಎಸ್ಟೋನಿಯಾದಲ್ಲಿ ಈಗ ಉಳಿದಿರುವುದು ನೂರಕ್ಕೂ ಕಡಿಮೆ ಜೋಡಿ. ಇಷ್ಟು ನಾಚಿಕೆಯ ಹಕ್ಕಿಯ ಬಾಣಂತಿತನವನ್ನು ಇವತ್ತು ಬೆಂಗಳೂರಿನಲ್ಲಿ ಕಾಫಿ ಕುಡಿಯುತ್ತ ಫೋನಿನಲ್ಲಿ ನೋಡಬಹುದು. ಎಸ್ಟೋನಿಯಾ, ಲಾಟ್ವಿಯಾಗಳ ಹಕ್ಕಿತಜ್ಞರು ಕೆಲವು ಗೂಡುಗಳ ಮೇಲೆ ಕ್ಯಾಮೆರಾ ಕಟ್ಟಿದ್ದಾರೆ. ವಸಂತದಿಂದ ಬೇಸಿಗೆಯ ಕೊನೆಯವರೆಗೂ ನೇರ ಪ್ರಸಾರ. ಕರಿ ಕೊಕ್ಕರೆ ಚಳಿಗಾಲದಲ್ಲಿ ಅಪರೂಪಕ್ಕೆ ನಮ್ಮ ಕಡೆಗೂ ಬರುವ ಅತಿಥಿಯೇ. ಆದರೆ ಬಾಲ್ಟಿಕ್ ಕಾಡಿನವು ಹಿಡಿಯುವುದು ಆಫ್ರಿಕಾದ ದಾರಿ, ಮತ್ತು ನಮ್ಮಲ್ಲಿಗೆ ಬಂದವು ಇಲ್ಲಿ ಗೂಡು ಕಟ್ಟುವುದಿಲ್ಲ. ಹಾಗಾಗಿ ಅದರ ಸಂಸಾರ ನೋಡಬೇಕೆಂದರೆ ನಮಗೆ ಕ್ಯಾಮೆರಾವೇ ಗತಿ.

ನೋಡಲು ಕೂತವರು ಎರಡೇ ದಿನದಲ್ಲಿ ಕಥೆ ಹೇಳಲು ಶುರುಮಾಡುತ್ತಾರೆ. ಗಂಡು ಮೊದಲು ಬಂದು, ಗೂಡಿಗೆ ಪಾಚಿಯ ಮೆತ್ತೆ ಹಾಸಿ, ಅಂಚಿನಲ್ಲಿ ಒಂಟಿಯಾಗಿ ನಿಲ್ಲುತ್ತದೆ: ‘ಹೆಂಡತಿಯ ದಾರಿ ಕಾಯುತ್ತಿದ್ದಾನೆ.’ ಹೆಣ್ಣು ಇಳಿದಾಗ ಎರಡೂ ತಲೆ ಬಾಗಿಸಿ, ಬಾಲದಡಿಯ ಬಿಳಿ ಗರಿ ಅರಳಿಸುತ್ತವೆ: ‘ಎಷ್ಟು ಖುಷಿ ನೋಡಿ!’ ಬಿಸಿಲೇರಿದಾಗ ತಾಯಿ ಮರಿಗಳ ಮೇಲೆ ರೆಕ್ಕೆ ಹರಡಿ ನಿಂತರೆ, ಗಂಟಲಲ್ಲಿ ನೀರು ತಂದು ಮರಿಗಳ ಮೈಮೇಲೆ ಸುರಿದರೆ ಹೇಳುವುದೇ ಬೇಡ. ಗಂಡು ಹೆಣ್ಣು ನೋಡಲು ಒಂದೇ ಥರ. ಕಾಲಿನ ಬಳೆಯ ಮೇಲಿನ ಅಕ್ಷರ ಓದಿ ಗುರುತು ಹಿಡಿಯಬೇಕು. ಆದರೂ ಅವಕ್ಕೆ ಕಾರ್ಲ್, ಯಾನ್ ಎಂದು ಹೆಸರಿಟ್ಟಾಗಿದೆ. ಹೆಸರು ಬಂದ ಮೇಲೆ ಸ್ವಭಾವ ಬರಲು ಎಷ್ಟು ಹೊತ್ತು?

ಈ ಕಥೆಗೆ ದೊಡ್ಡ ಪೆಟ್ಟು ಬೀಳುವುದು ಮರಿಗಳು ಹುಟ್ಟಿದ ಮೊದಲ ವಾರಗಳಲ್ಲಿ. ಕರಿ ಕೊಕ್ಕರೆ ಸಾಮಾನ್ಯವಾಗಿ ಮೂರರಿಂದ ಐದು ಮೊಟ್ಟೆ ಇಡುತ್ತದೆ, ದಿನ ಬಿಟ್ಟು ದಿನ. ಆದರೆ ಎಲ್ಲ ಮೊಟ್ಟೆ ಇಟ್ಟು ಮುಗಿಯುವ ಮೊದಲೇ ಕಾವಿಗೆ ಕೂತುಬಿಡುತ್ತದೆ. ಹಾಗಾಗಿ ಕೊನೆಯ ಮರಿ ಕಣ್ಣು ಬಿಡುವ ಹೊತ್ತಿಗೆ ಮೊದಲನೆಯದು ಅದರ ದುಪ್ಪಟ್ಟು ಬೆಳೆದಿರುತ್ತದೆ. ತಂದೆಯೋ ತಾಯಿಯೋ ತೊರೆಯಿಂದ ಬಂದು ಕತ್ತು ಬಗ್ಗಿಸಿ ಮೀನಿನ ರಾಶಿಯನ್ನು ಗೂಡಿನ ನಡುವೆ ಕಕ್ಕುತ್ತದೆ. ಮರಿಗಳು ಏದುಸಿರಿನಂಥ ಒರಟು ದನಿ ಹೊರಡಿಸುತ್ತ ಮುಗಿಬೀಳುತ್ತವೆ. ಯಾರ ಬಾಯಿಗೂ ಬೇರೆಯಾಗಿ ತುತ್ತಿಡುವ ಪದ್ಧತಿ ಇಲ್ಲ. ಸಣ್ಣದು ಹಿಂದೆ ಉಳಿಯುತ್ತದೆ. ಒಂದು ದಿನ ದೊಡ್ಡ ಹಕ್ಕಿ ಆ ಸಣ್ಣದನ್ನು ಕೊಕ್ಕಿನಲ್ಲಿ ಹಿಡಿಯುತ್ತದೆ, ಎತ್ತುತ್ತದೆ, ಒದರುತ್ತದೆ. ಆಮೇಲೆ ಗೂಡಿನ ಅಂಚಿನಿಂದ ಆಚೆ ಬಿಡಬಹುದು, ನುಂಗಿಯೂ ಬಿಡಬಹುದು. ಅದೇ ಹಕ್ಕಿ ಸ್ವಲ್ಪ ಹೊತ್ತಿನಲ್ಲೇ ಉಳಿದ ಮರಿಗಳ ಮೇಲೆ ರೆಕ್ಕೆ ಹರಡಿ ನೆರಳು ಮಾಡಲೂಬಹುದು.

ಇದು ಕ್ಯಾಮೆರಾದಿಂದ ಹುಟ್ಟಿದ ವಿಕಾರವಲ್ಲ. ಬಿಳಿ ಕೊಕ್ಕರೆಯಲ್ಲಿ ತಂದೆತಾಯಿಯೇ ಮರಿ ಕೊಲ್ಲುವುದನ್ನು ಸ್ಪೇನಿನ ತೋರ್ತೋಸಾ ಮತ್ತು ರೆದೊಂದೊ 1992ರಲ್ಲೇ ಪ್ರಬಂಧವಾಗಿ ಬರೆದರು. ಕರಿ ಕೊಕ್ಕರೆಯಲ್ಲೂ ಅದು ದಾಖಲಾಗಿದೆ. ತೋರ್ತೋಸಾ, ರೆದೊಂದೊ ಅವರ ಬಳಿ ಒಂದು ವಿವರಣೆಯೂ ಇದೆ. ಬಾಲ್ಟಿಕ್ ಕಾಡುಗಳದ್ದೇ ಆದ ಚುಕ್ಕೆ ಹದ್ದಿನ ಗೂಡಿನಲ್ಲಿ ಹಿರಿಯ ಮರಿಯೇ ಕಿರಿಯದನ್ನು ಕುಕ್ಕಿ ಮುಗಿಸುತ್ತದೆ. ಕೊಕ್ಕರೆ ಮರಿಗಳು ಒಟ್ಟಿಗೆ ಕಕ್ಕಿದ ರಾಶಿಯಿಂದ ತಿನ್ನುವುದರಿಂದ ಒಂದನ್ನೊಂದು ಕೊಲ್ಲುವ ಜಗಳಕ್ಕೆ ಇಳಿಯುವುದಿಲ್ಲ. ಹೊಟ್ಟೆಗಳ ಸಂಖ್ಯೆ ಮೀನಿಗಿಂತ ಹೆಚ್ಚಾದಾಗ ಅದನ್ನು ತಗ್ಗಿಸುವ ಕೆಲಸ ದೊಡ್ಡವರ ಪಾಲಿಗೆ ಬರುತ್ತದೆ.

ನೋಡುಗರು ಈಗ ಎರಡು ಪಂಗಡವಾಗುತ್ತಾರೆ. ಒಂದು ಗುಂಪು ‘ರಾಕ್ಷಸಿ’ ಎನ್ನುತ್ತದೆ. ಇನ್ನೊಂದು, ಹೆಚ್ಚು ಓದಿಕೊಂಡದ್ದು, ‘ಛೆ, ಹಾಗೆಲ್ಲ ಅನ್ನಬಾರದು, ಅದು ಬರೀ ಸಹಜ ಪ್ರವೃತ್ತಿ, ಹಕ್ಕಿಗೆ ಕ್ರೌರ್ಯ ಗೊತ್ತಿಲ್ಲ’ ಎಂದು ಸಮಾಧಾನ ಹೇಳುತ್ತದೆ. ನನ್ನ ತಕರಾರು ಮುಖ್ಯವಾಗಿ ಈ ಎರಡನೆಯವರ ಜತೆ. ನಿನ್ನೆ ರೆಕ್ಕೆ ಹರಡಿದಾಗ ಇವರೇ ‘ಮಮತೆ’ ಅಂದಿದ್ದರಲ್ಲ? ಆಗ ಪ್ರವೃತ್ತಿ ಎಲ್ಲಿಗೆ ಹೋಗಿತ್ತು? ಹಿತವಾದದ್ದು ಕಂಡರೆ ಹಕ್ಕಿಯ ಮನಸ್ಸಿನ ಖಾತೆಗೆ, ಅಹಿತವಾದದ್ದು ಕಂಡರೆ ನಿಸರ್ಗದ ಖಾತೆಗೆ ಬರೆಯುವುದು ಹಕ್ಕಿಯನ್ನು ಅರ್ಥಮಾಡಿಕೊಳ್ಳುವ ಕ್ರಮವಲ್ಲ. ನಮ್ಮ ಪ್ರೀತಿಯ ಪಾತ್ರದ ಮಾನ ಕಾಪಾಡುವ ಉಪಾಯ. ನೆರಳು ಮಾಡುವುದಕ್ಕೂ ಜೀವವಿಕಾಸದ ವಿವರಣೆ ಇದೆ, ಕೊಲ್ಲುವುದಕ್ಕೂ ಇದೆ. ನಿಕೊ ಟಿನ್‌ಬರ್ಗನ್ 1963ರಲ್ಲಿ ತಾಕೀತು ಮಾಡಿದ್ದೇ ಇದನ್ನು: ಪ್ರಾಣಿಯೊಂದು ಹೀಗೇಕೆ ಮಾಡುತ್ತದೆ ಎಂಬ ಒಂದೇ ಪ್ರಶ್ನೆಯೊಳಗೆ ಹಲವು ಪ್ರಶ್ನೆಗಳಿವೆ, ಈ ನಡತೆಯಿಂದ ಬದುಕಿಗೇನು ಪ್ರಯೋಜನ ಎಂಬುದು ಬೇರೆ, ಈ ಕ್ಷಣ ಮೈಯೊಳಗೆ ಏನು ನಡೆಯುತ್ತಿದೆ ಎಂಬುದು ಬೇರೆ. ಒಂದಕ್ಕೆ ಉತ್ತರ ಸಿಕ್ಕಿತೆಂದು ಇನ್ನೊಂದನ್ನು ಮುಚ್ಚುವಂತಿಲ್ಲ.

ಹಾಗಾದರೆ ಭಾವನೆಯ ಪದಗಳನ್ನೇ ಬಿಟ್ಟುಬಿಡೋಣವೇ? ಲಾಯ್ಡ್ ಮಾರ್ಗನ್ 1894ರಲ್ಲಿ ಹೆಚ್ಚುಕಡಿಮೆ ಈ ದಾರಿ ತೋರಿಸಿದ: ಕೆಳಮಟ್ಟದ ಮನೋವ್ಯಾಪಾರದಿಂದ ವಿವರಿಸಲು ಆಗುವುದಾದರೆ ಮೇಲ್ಮಟ್ಟದ್ದನ್ನು ತರಬೇಡಿ ಎಂದು. ಒಳ್ಳೆಯ ಶಿಸ್ತೇ. ಆದರೆ ಒಣ ಪದಗಳೂ ಆಕಾಶದಿಂದ ಉದುರಿದ್ದಲ್ಲ. 1972ರಲ್ಲಿ ರಾಬರ್ಟ್ ಟ್ರಿವರ್ಸ್ ತಂದೆತಾಯಿಯ ‘ಹೂಡಿಕೆ’ಯ ಮಾತಾಡಿದ, ಅಲ್ಲಿಂದ ಮುಂದೆ ಗೂಡಿನ ಬಗ್ಗೆ ಬರೆಯುವವರ ಭಾಷೆ ಲಾಭ, ನಷ್ಟ, ವೆಚ್ಚಗಳದ್ದಾಯಿತು. ಕೊಕ್ಕರೆಯನ್ನು ತಾಯಿ ಎಂದರೆ ಮಾನವೀಕರಣ, ಅಂಗಡಿಯವನಂತೆ ಲೆಕ್ಕ ಹಾಕುತ್ತದೆ ಎಂದರೆ ವಿಜ್ಞಾನ ಎಂಬ ನಂಬಿಕೆ ನನಗೆ ಸ್ವಲ್ಪ ತಮಾಷೆಯಾಗಿ ಕಾಣುತ್ತದೆ. ಅಂಗಡಿಯವನೂ ಮನುಷ್ಯನೇ ತಾನೆ. ಸಮೀಕರಣದಲ್ಲಿ ‘ಹೂಡಿಕೆ’ ಎಂಬ ಪದಕ್ಕೆ ಖಚಿತ ಅರ್ಥವಿದೆ, ನಿಜ. ನಮ್ಮ ಬಾಯಿಗೆ ಬಂದಾಗ ಅದರ ಜತೆ ಲೆಕ್ಕದ ಪುಸ್ತಕವೂ ಬರುತ್ತದೆ.

ಪದ ಯಾವುದೇ ಇರಲಿ, ಅದು ಮುಂದೆ ನಡೆಯುವುದಕ್ಕೆ ಜವಾಬ್ದಾರಿ ಹೊರಬೇಕು ಎಂಬುದೊಂದೇ ನನ್ನ ಬೇಡಿಕೆ. ‘ಹೆಂಡತಿಯ ದಾರಿ ಕಾಯುತ್ತಿದ್ದಾನೆ’ ಎಂಬ ಮಾತನ್ನೇ ತೆಗೆದುಕೊಳ್ಳಿ. ಇದರಲ್ಲಿ ಎರಡು ಹೇಳಿಕೆಗಳಿವೆ: ಕಾಯುತ್ತಿದ್ದಾನೆ, ಮತ್ತು ಆಕೆಗಾಗಿ. ಚಳಿಗಾಲದಲ್ಲಿ ಗಂಡು ಹೆಣ್ಣು ಜತೆಯಾಗಿ ಇರುವುದಿಲ್ಲ. ಬೇರೆ ಬೇರೆ ಹೋಗಿ ಬೇರೆ ಬೇರೆ ಬರುತ್ತವೆ. ಹಳೆಯ ಹೆಣ್ಣು ಬರುವ ಮೊದಲು ಹೊಸದೊಂದು ಇಳಿಯಿತು ಅನ್ನಿ. ಗಂಡು ಅದನ್ನು ಓಡಿಸಿದರೆ ‘ಆಕೆಗಾಗಿ’ ಎಂಬುದಕ್ಕೆ ಬಲ ಬಂತು. ತಲೆ ಬಾಗಿಸಿ ಸ್ವಾಗತಿಸಿದರೆ ಆ ಅರ್ಧ ಬಿತ್ತು. ‘ಕಾಯುತ್ತಿದ್ದ’ ಎಂಬ ಅರ್ಧ ಆಗಲೂ ನಿಲ್ಲುತ್ತದೆ, ಯಾಕೆಂದರೆ ಅವನು ಗೂಡು ಸಿದ್ಧಮಾಡಿ ಜಾಗ ಬಿಡದೆ ನಿಂತಿದ್ದು ಸುಳ್ಳಲ್ಲ. ಕೊಕ್ಕರೆಗಳ ನಿಷ್ಠೆ ಸಂಗಾತಿಗಿಂತ ಗೂಡಿಗೆ ಹೆಚ್ಚು ಎಂದು ಬಲ್ಲವರು ಹೇಳುವುದು ಇಂಥ ಸಂದರ್ಭಗಳನ್ನು ಕಂಡೇ.

ಪರೀಕ್ಷೆಗೆ ಒಡ್ಡಲಾಗದ ಕಥೆಗಳೂ ಇವೆ, ಅವೇ ಹೆಚ್ಚು ಜನಪ್ರಿಯ. ಕ್ರೊಯೇಷಿಯಾದ ಬ್ರೊದ್‌ಸ್ಕಿ ವಾರೊಶ್ ಎಂಬ ಹಳ್ಳಿಯಲ್ಲಿ ಗುಂಡೇಟಿನಿಂದ ಹಾರಲಾಗದೆ ಉಳಿದ ಮಲೇನಾ ಎಂಬ ಬಿಳಿ ಕೊಕ್ಕರೆಯನ್ನು ಸ್ಟೆಪಾನ್ ವೋಕಿಚ್ ಎಂಬಾತ 1993ರಿಂದ ಸಾಕಿದ. ಕ್ಲೆಪೆತಾನ್ ಎಂಬ ಗಂಡು ಆಫ್ರಿಕಾದಿಂದ ವರ್ಷ ವರ್ಷ ಅದರ ಬಳಿಗೆ ಹಾರಿ ಬಂತು. 2021ರಲ್ಲಿ ಮಲೇನಾ ಸತ್ತಾಗ ಇಡೀ ದೇಶ ಮರುಗಿತು. ನನಗೂ ಈ ಕಥೆ ಇಷ್ಟ. ಆದರೆ ಮಲೇನಾ ಹಾರಲಾರದವಳು. ಪ್ರತಿ ವಸಂತದಲ್ಲೂ ಅದೇ ಗೂಡಿನಲ್ಲಿ ಇದ್ದೇ ಇರುತ್ತಿದ್ದಳು. ಗೂಡಿಗೆ ಬಂದನೋ ಅವಳಿಗಾಗಿ ಬಂದನೋ ಎಂದು ಬಿಡಿಸಿ ನೋಡುವ ಅವಕಾಶವನ್ನೇ ಆ ಘಟನೆ ಕೊಡಲಿಲ್ಲ. ಪ್ರೇಮವಲ್ಲ ಎಂದು ನಾನು ಹೇಳುತ್ತಿಲ್ಲ. ಪ್ರೇಮ ಎಂದವರೂ ಅಲ್ಲ ಎಂದವರೂ ಇಲ್ಲಿ ಸಮಾನವಾಗಿ ಬರಿಗೈಯವರು.

ಕೊಲ್ಲುವ ಕೊಕ್ಕಿಗೂ ಇದೇ ಶಿಸ್ತು. ಟಾರ್ಟುವಿನಲ್ಲಿ ಓದಿದ, ಎಸ್ಟೋನಿಯಾದಲ್ಲೇ 1864ರಲ್ಲಿ ಹುಟ್ಟಿದ ಯಾಕೋಬ್ ಫಾನ್ ಯುಕ್ಸ್‌ಕ್ಯೂಲ್ ಎಂಬ ಜೀವಶಾಸ್ತ್ರಜ್ಞ ಉಣ್ಣೆಯ ಉದಾಹರಣೆ ಕೊಟ್ಟು ಒಂದು ಮಾತು ಹೇಳಿದ: ಉಣ್ಣೆಗೆ ಹಸು, ನಾಯಿ, ಮನುಷ್ಯ ಎಂಬ ಭೇದವಿಲ್ಲ, ಬೆವರಿನ ಒಂದು ವಾಸನೆ, ಮೈಯ ಬಿಸಿ, ಚರ್ಮದ ಸ್ಪರ್ಶ ಇಷ್ಟೇ ಅದರ ಲೋಕ. ಇದನ್ನು ಗೂಡಿಗೆ ತಂದರೆ ಹೀಗೊಂದು ಓದು ಸಾಧ್ಯ: ಕೊಕ್ಕರೆಯ ಲೋಕದಲ್ಲಿ ‘ಮರಿ’ ಎಂದರೆ ದನಿಯೆತ್ತಿ ಆಹಾರ ಕೇಳುವ ವಸ್ತು, ಕೇಳುವ ಶಕ್ತಿ ಕಳೆದುಕೊಂಡದ್ದು ಅದರ ಮಟ್ಟಿಗೆ ಮರಿಯೇ ಅಲ್ಲ, ಗೂಡಿನಿಂದ ತೆಗೆದುಹಾಕಬೇಕಾದ ಕಸ. ಆಗ ಅಲ್ಲಿ ಕ್ರೌರ್ಯವೂ ಇಲ್ಲ, ಲೆಕ್ಕಾಚಾರವೂ ಇಲ್ಲ, ತನ್ನ ಮರಿಯನ್ನು ಕೊಂದೆ ಎಂಬ ಘಟನೆಯೇ ಹಕ್ಕಿಗೆ ನಡೆದಿಲ್ಲ. ಈ ಓದು ನನಗೆ ಹಿಡಿಸಲು ಕಾರಣ ಅದು ಸಮಾಧಾನ ಕೊಡುತ್ತದೆಂದಲ್ಲ, ಅದನ್ನು ತಪ್ಪೆಂದು ತೋರಿಸಬಹುದು ಎಂದು. ಸಣ್ಣ ಮರಿ ಬಾಯ್ದೆರೆದು ಕೂಗುತ್ತಿರುವಾಗಲೇ ತಂದೆ ಅದನ್ನು ಎತ್ತಿ ಹಾಕಿದ್ದು ದಾಖಲೆಯಲ್ಲಿ ಸಿಕ್ಕರೆ ಸಾಕು, ಇದನ್ನು ಕೈಬಿಡಬೇಕು. ಗೂಡಿನ ಮುಂದೆ ತಿಂಗಳುಗಟ್ಟಲೆ ಕೂರುವವರು ಕಣ್ಣೀರಿನ ಜತೆ ಇದನ್ನೂ ಬರೆದಿಡಬೇಕು: ಆ ಗಳಿಗೆಯಲ್ಲಿ ಮರಿ ಕೇಳುತ್ತಿತ್ತೇ, ಸುಮ್ಮನಿತ್ತೇ, ಹಿಂದಿನ ಊಟ ಎಷ್ಟು ಹೊತ್ತಿನ ಹಿಂದೆ, ತಂದ ಮೀನು ಎಷ್ಟು.

ಇದೆಲ್ಲ ಹಕ್ಕಿಯ ಮನಸ್ಸಿನ ಬಗ್ಗೆ ಹೇಳುವ ಮಾತುಗಳ ವಿಚಾರವಾಯಿತು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನ ಮಾತು ಬೇರೆ ಜಾತಿಯದು. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು ಊರೊಳಗಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. 1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಹೊರಜಗತ್ತಿಗೆ ತಿಳಿಸುವ ಎಷ್ಟೋ ಮೊದಲಿನಿಂದಲೂ ಊರವರು ಅವನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಿದ್ದರು. ಇದನ್ನೂ ಮಾನವೀಕರಣ ಎಂದು ತಳ್ಳಿಹಾಕುವ ಪಂಡಿತರಿಗೆ ಇದು ಹಕ್ಕಿಯ ಬಗೆಗಿನ ಮಾತೇ ಅಲ್ಲ ಎಂಬುದು ಹೊಳೆಯುವುದಿಲ್ಲ. ಹೆಜ್ಜಾರ್ಲೆಗೆ ತವರಿನ ನೆನಪಿದೆ ಎಂದು ಆ ಊರಿನ ರೈತ ಹೇಳುತ್ತಿಲ್ಲ. ಬಾಣಂತಿ ಮನೆಯಲ್ಲಿರುವಾಗ ಕೊಂಬೆ ಕಡಿಯಬಾರದು, ಹುಣಸೆ ಬೀಳಿಸಬಾರದು, ಕಲ್ಲು ಬೀರಬಾರದು ಎಂದು ತನಗೇ ವಿಧಿಸಿಕೊಳ್ಳುತ್ತಿದ್ದಾನೆ. ಅದನ್ನು ತಪ್ಪೆಂದು ತೋರಿಸಲು ಹಕ್ಕಿಯನ್ನಲ್ಲ, ಊರನ್ನು ನೋಡಬೇಕು. ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಗಳನ್ನು ಅಲ್ಲಿಯ ‘ಹೆಜ್ಜಾರ್ಲೆ ಬಳಗ’ದವರು ಎತ್ತಿ ಸಾಕಿದ್ದುಂಟು; ತಾಯಿ ಕೆಟ್ಟವಳೋ ಒಳ್ಳೆಯವಳೋ ಎಂಬ ಪ್ರಶ್ನೆ ಅವರಿಗೆ ಅಡ್ಡ ಬಂದಿರಲಾರದು.

ಕರಿ ಕೊಕ್ಕರೆಯ ಸಣ್ಣ ಮರಿಯನ್ನು ಉಳಿಸಬೇಕೇ ಎಂದು ಕೇಳುವವರಿಗೂ ನಾನು ಹೇಳುವುದು ಇದನ್ನೇ. ಉತ್ತರ ಹಕ್ಕಿಯ ಮನಸ್ಸಿನಲ್ಲಿ ಸಿಗುವುದಿಲ್ಲ. 1980ರ ದಶಕದಲ್ಲಿ ಎಸ್ಟೋನಿಯಾದಲ್ಲಿ ಈ ಹಕ್ಕಿಯ ಜೋಡಿಗಳು ಇನ್ನೂರು ದಾಟಿದ್ದವು. ಹಳೆಯ ಕಾಡು ಕಡಿದದ್ದು, ಜೌಗು ಕಾಡಿನ ನೀರು ಬಸಿಯಲು ಕಾಲುವೆ ತೋಡಿ ತೊರೆಗಳ ಪಾತ್ರವನ್ನೇ ಕೆಡಿಸಿದ್ದು ಅವು ಇಷ್ಟು ಇಳಿಯಲು ಇರುವ ಕಾರಣಗಳಲ್ಲಿ ಸೇರಿವೆ. ಮೀನು ಕಡಿಮೆಯಾದ ತೊರೆಯಿಂದ ಬಂದ ತಂದೆ ಕಕ್ಕುವ ರಾಶಿಯೂ ಸಣ್ಣದು. ಆ ಗೂಡಿನಲ್ಲಿ ಸತ್ತ ಐದನೆಯ ಮರಿಯ ಲೆಕ್ಕದಲ್ಲಿ ನಮ್ಮ ಪಾಲೂ ಇದೆ ಎನ್ನುವುದಾದರೆ ಎತ್ತಿ ಸಾಕುವುದು, ಮರದ ಮೇಲೆ ಕೃತಕ ಗೂಡು ಕಟ್ಟಿಕೊಡುವುದು, ತೊರೆಗೆ ಹಳೆಯ ತಿರುವುಗಳನ್ನು ಮರಳಿಸುವುದು ಎಲ್ಲವೂ ನ್ಯಾಯವೇ. ಇವುಗಳಲ್ಲಿ ಕೊನೆಯದು ದುಬಾರಿ, ನಿಧಾನ, ನೋಡಲು ಏನೂ ರೋಚಕವಲ್ಲ. ಆದರೂ ಇನ್ನೊಂದು ಕ್ಯಾಮೆರಾ ಕೊಡುತ್ತೇವೆ ಎಂದು ಯಾರಾದರೂ ಬಂದರೆ ಅದನ್ನು ಆ ಕಾಲುವೆಯ ದಂಡೆಯಲ್ಲಿ ನಿಲ್ಲಿಸಿ ಎನ್ನುತ್ತೇನೆ.