ಹಡಗು ಕಾಯೋದಿಲ್ಲ

ಒಂದು ಊರಿಗೆ ಅಂತ ನಿಮಗೆ ಒಂಬತ್ತು ಗಂಟೆ ಮಾತ್ರ ಕೊಟ್ಟರೆ ಏನು ನೋಡ್ತೀರಿ? ಮೇಲ್ನೋಟಕ್ಕೆ ಇದು ಪ್ರವಾಸದ ಪ್ರಶ್ನೆ. ಟೈಮು, ದುಡ್ಡು, ಬಿಸಿಲು ಮೂರನ್ನೂ ಕೂಡಿಸಿ ಕಳೆದರೆ ಉತ್ತರ ಬಂದುಬಿಡುತ್ತೆ ಅನ್ನಿಸುತ್ತೆ. ನನಗೆ ಮಾತ್ರ ಇದು ನೀತಿಯ ಪ್ರಶ್ನೆಯಾಗಿಯೇ ಕಾಣುತ್ತೆ. ಯಾಕೆ ಅಂತ ಹೇಳ್ತೀನಿ.

ಮೆಡಿಟರೇನಿಯನ್ ಕ್ರೂಸ್‌ಗಳ ಲೆಕ್ಕಾಚಾರ ಹೀಗಿರುತ್ತೆ: ರಾತ್ರಿಯೆಲ್ಲ ಹಡಗು ಚಲಿಸುತ್ತೆ, ಬೆಳಗ್ಗೆ ಒಂದು ಬಂದರಿನಲ್ಲಿ ನಿಲ್ಲುತ್ತೆ, ಸಂಜೆ ಮತ್ತೆ ಹೊರಡುತ್ತೆ. ನಡುವಿನ ಹಗಲು ನಿಮ್ಮದು. ನಮ್ಮ ಹಡಗು ನೇಪಲ್ಸ್‌ನಲ್ಲಿ ನಿಲ್ಲೋ ಹಿಂದಿನ ರಾತ್ರಿ ಕೋಣೆಗೆ ಒಂದು ಪಟ್ಟಿ ಬಂತು. ಪಾಂಪೇ ಅರ್ಧ ದಿನ. ಪಾಂಪೇ ಜೊತೆಗೆ ವಿಸೂವಿಯಸ್. ದೋಣಿಯಲ್ಲಿ ಕಾಪ್ರಿ ದ್ವೀಪ. ಬಸ್ಸಿನಲ್ಲಿ ಸೊರೆಂಟೊ, ಅಮಾಲ್ಫಿ. ಪಟ್ಟಿಯಲ್ಲಿ ಇಲ್ಲದ್ದೂ ಬಹಳ ಇತ್ತು: ಬಂದರಿನಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಕೋಟೆ, ಅದರಾಚೆ ನೇಪಲ್ಸ್ ಅನ್ನೋ ಗದ್ದಲದ ಇಡೀ ನಗರ. ನಾವು ಮೂರು ಜನ. ನಾನು, ಹೆಂಡತಿ, ಎಪ್ಪತ್ತಾರು ವರ್ಷದ ಅಮ್ಮ. ಅಮ್ಮನ ಬಲ ಮಂಡಿಯನ್ನೂ ಸೇರಿಸಿದರೆ ನಾಲ್ಕು ಅನ್ನಬಹುದು, ಯಾಕಂದ್ರೆ ಎಲ್ಲ ತೀರ್ಮಾನಕ್ಕೂ ಅದರ ಒಪ್ಪಿಗೆ ಬೇಕಿತ್ತು.

ಊಟದ ಮೇಜಿನ ಸುತ್ತ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು, 'ಮಿಸ್ ಮಾಡ್ಕೋಬಾರದು.' ಏನು ನೋಡಬೇಕು ಅನ್ನೋದಕ್ಕಿಂತ ಏನು ತಪ್ಪಿಹೋಗಬಾರದು ಅನ್ನೋದೇ ಜನರನ್ನು ಓಡಿಸುತ್ತೆ. ಈ ಭಯ ನಮ್ಮದೂ ಅಲ್ಲ, ಊರಿನಲ್ಲಿ ಕೂತವರದ್ದು. 'ನೇಪಲ್ಸ್‌ಗೆ ಹೋಗಿ ಪಾಂಪೇ ನೋಡ್ಲಿಲ್ವಾ?' ಅಂತ ಯಾರೋ ಕೇಳ್ತಾರಲ್ಲ, ಆ ಯಾರೋಗೆ ಉತ್ತರ ಕೊಡೋಕೆ ನಾವು ಇಷ್ಟು ದೂರ ಬಂದಿರ್ತೀವಿ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ದಿನದಲ್ಲಿ ಮುಗಿಸಿ ರಾತ್ರಿ ಹತ್ತಕ್ಕೆ ಬೆಂಗಳೂರು ಸೇರೋ ಜನ ನಾವು. 'ಮುಗಿಸೋದು' ಅನ್ನೋ ಕ್ರಿಯಾಪದವನ್ನು ದೇವಸ್ಥಾನಕ್ಕೆ ಬಳಸೋ ಧೈರ್ಯ ನಮಗೆ ಎಲ್ಲಿಂದ ಬಂತೋ.

ಇನ್ನೊಂದು ಭಯವೂ ಇದೆ, ಅದನ್ನು ಹಡಗಿನವರು ಚೆನ್ನಾಗಿ ಮಾರ್ತಾರೆ. ಅವರದೇ ಬಸ್ಸಿನಲ್ಲಿ ಹೋಗಿ ತಡವಾದರೆ ಹಡಗು ಕಾಯುತ್ತೆ. ನೀವಾಗಿ ಹೋಗಿ ತಡವಾದರೆ ಕಾಯೋದಿಲ್ಲ, ಮುಂದಿನ ಬಂದರಿಗೆ ನಿಮ್ಮ ಖರ್ಚಲ್ಲಿ ಬನ್ನಿ ಅನ್ನುತ್ತೆ. ಪಾಂಪೇಗೆ ಊರಿನ ಲೋಕಲ್ ರೈಲು ಇದೆ, ಸುಮಾರು ನಲವತ್ತು ನಿಮಿಷ, ಕೆಲವೇ ಯೂರೋ. ಹಡಗಿನ ಬಸ್ಸಿಗೆ ಅದರ ಎಷ್ಟೋ ಪಟ್ಟು. ಆ ವ್ಯತ್ಯಾಸದಲ್ಲಿ ಗೈಡು ಮತ್ತು ಏಸಿಯ ಬೆಲೆ ಸ್ವಲ್ಪ, ಉಳಿದಿದ್ದು ನೆಮ್ಮದಿಯ ಬೆಲೆ. ನಾನು ಅದನ್ನು ಕೊಂಡವರನ್ನು ಆಡಿಕೊಳ್ಳೋದಿಲ್ಲ. ವಯಸ್ಸಾದವರ ಜೊತೆ ಹೋಗೋರಿಗೆ ನೆಮ್ಮದಿ ಅಗ್ಗದ ವಸ್ತು ಅಲ್ಲ.

ಆದರೆ ನನ್ನನ್ನು ಕಾಡಿದ್ದು ಇದ್ಯಾವುದೂ ಅಲ್ಲ. ಪಟ್ಟಿಯಲ್ಲಿ ಕಾಪ್ರಿ ಮತ್ತು ಪಾಂಪೇ ಪಕ್ಕಪಕ್ಕದಲ್ಲಿದ್ದವು, ಒಂದೇ ಅಕ್ಷರದಲ್ಲಿ, ಎರಡರ ಎದುರಿಗೂ ದರ. ಒಂದು ಕಡೆ ನೀಲಿ ನೀರು, ನಿಂಬೆಹಣ್ಣಿನ ತೋಟ. ಇನ್ನೊಂದು ಕಡೆ ಕ್ರಿ.ಶ. 79ರಲ್ಲಿ ಬೂದಿಯ ಕೆಳಗೆ ಸತ್ತ ಜನ. ಇವೆರಡನ್ನೂ 'ಯಾವುದು ಚೆನ್ನಾಗಿರುತ್ತೆ?' ಅನ್ನೋ ಒಂದೇ ತಕ್ಕಡಿಯಲ್ಲಿ ತೂಗಬಹುದಾ?

ಪಾಂಪೇಯ ಆ ಬಿಳಿ ದೇಹಗಳ ಚಿತ್ರ ನೀವು ನೋಡಿರ್ತೀರಿ. ಅವು ಶಿಲ್ಪ ಅಲ್ಲ. ದೇಹ ಕರಗಿಹೋಗಿ ಗಟ್ಟಿಯಾದ ಬೂದಿಯಲ್ಲಿ ಉಳಿದ ಟೊಳ್ಳಿಗೆ 1863ರಲ್ಲಿ ಜುಸೆಪ್ಪೆ ಫಿಯೊರೆಲ್ಲಿ ಅನ್ನೋ ಪುರಾತತ್ವಜ್ಞ ಶುರು ಮಾಡಿದ ವಿಧಾನದಲ್ಲಿ ಪ್ಲಾಸ್ಟರ್ ಸುರಿಸಿ ತೆಗೆದ ಅಚ್ಚುಗಳು. ಒಳಗೆ ಅವರ ಮೂಳೆಗಳು ಹಾಗೇ ಇವೆ. ಅಂದರೆ ನಾವು ಫೋಟೋ ತೆಗೀತಿರೋದು ಶವದ ಮುಂದೆ ನಿಂತು. ಅದರಲ್ಲಿ ಒಂದು, ಸೊಂಟದ ಮೇಲೆ ಮಗುವನ್ನು ಎತ್ತಿಕೊಂಡ ದೇಹ. ಹತ್ತಿರ ಚಿನ್ನದ ಬಳೆ ಸಿಕ್ಕಿತ್ತು. ತಾಯಿ-ಮಗು ಅಂತ ದಶಕಗಳ ಕಾಲ ಹೇಳಿದರು, ಬರೆದರು, ಕಣ್ಣೀರು ಹಾಕಿಸಿದರು. 2024ರಲ್ಲಿ ಡಿಎನ್ಎ ನೋಡಿದರೆ ಆ ದೊಡ್ಡ ದೇಹ ಗಂಡಸಿನದು, ಮಗುವಿಗೂ ಅವನಿಗೂ ರಕ್ತಸಂಬಂಧವೇ ಇಲ್ಲ. ನನಗೇನೋ ಈ ಹೊಸ ಸಂಗತಿಯೇ ಹೆಚ್ಚು ಕಲಕಿತು. ಕೊನೇ ಗಳಿಗೆಯಲ್ಲಿ ತನ್ನದಲ್ಲದ ಮಗುವನ್ನು ಎತ್ತಿಕೊಂಡವನು ಯಾರು? ಆಳಾ? ನೆರೆಯವನಾ? ಆದರೆ ಈ ಪ್ರಶ್ನೆಯನ್ನು ಇಟ್ಟುಕೊಂಡು ಒಂದಷ್ಟು ಹೊತ್ತು ನಿಲ್ಲಬೇಕು. ಎರಡು ಗಂಟೆಯ ಟೂರಿನಲ್ಲಿ ಗೈಡಿಗೆ ಬೇಕಿರೋದು ಪ್ರಶ್ನೆ ಅಲ್ಲ, ಕತೆ. ಬಾವುಟ ಹಿಡಿದು ನಲವತ್ತು ಜನರನ್ನು ನಡೆಸಿಕೊಂಡು ಹೋಗೋ ಮನುಷ್ಯ ಪಾಪ ಇನ್ನೇನು ಮಾಡ್ತಾನೆ?

ಹಾಗಾದರೆ ಯಾರೂ ನೋಡಲೇಬಾರದಾ, ಅಂತ ಹೆಂಡತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಜನ ಬರದಿದ್ದರೆ ಗೋಡೆಗಳನ್ನು ಕಾಯೋಕೆ ದುಡ್ಡು ಹೊಂದೋದು ಇನ್ನೂ ಕಷ್ಟ. 2010ರ ನವೆಂಬರ್‌ನಲ್ಲಿ ಪಾಂಪೇಯ ಗ್ಲ್ಯಾಡಿಯೇಟರುಗಳ ಕಟ್ಟಡ ಕುಸಿದು ಬಿದ್ದಾಗ ಜಗತ್ತೇ ಗಲಾಟೆ ಮಾಡಿದ್ದಕ್ಕೆ ತಾನೆ ಮುಂದೆ ಹತ್ತು ಕೋಟಿ ಯೂರೋ ಮೀರಿದ ರಿಪೇರಿ ಕೆಲಸ ನಡೆದಿದ್ದು? ಇನ್ನೊಂದು ಕಡೆ ಜನ ಎಷ್ಟಾದರು ಅಂದ್ರೆ 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನ ಮಾತ್ರ ಅಂತ ಮಿತಿ ಹಾಕಬೇಕಾಯಿತು. ನೋಡೋದು ತಪ್ಪಲ್ಲ, ಆದರೆ ಸಾವನ್ನು ನೋಡೋಕೆ ಹೋಗೋನು ತನ್ನ ನಡಿಗೆಯನ್ನು ಅದಕ್ಕೆ ತಕ್ಕಷ್ಟು ನಿಧಾನ ಮಾಡಿಕೊಳ್ಳಬೇಕು. ಮಾಡಿಕೊಳ್ಳೋಕೆ ಆಗದಿದ್ದರೆ ಕಾಪ್ರಿಗೆ ಹೋಗಿ ಐಸ್‌ಕ್ರೀಂ ತಿನ್ನೋದೇ ಹೆಚ್ಚು ಮರ್ಯಾದೆಯ ಕೆಲಸ. ಇದನ್ನು ವ್ಯಂಗ್ಯವಾಗಿ ಹೇಳ್ತಿಲ್ಲ.

ಅಮ್ಮನ ವಾದ ಇನ್ನೂ ಸರಳ. 'ಸತ್ತೋರ ಊರು ಬಿಸಿಲಲ್ಲಿ ಸುತ್ತೋಕೆ ನನ್ನ ಕೈಲಾಗಲ್ಲ. ಕೂರೋ ಜಾಗ ಇರೋ ಕಡೆ ಕರ್ಕೊಂಡು ಹೋಗು.'

ಹಾಗಾಗಿ ನಾವು ಪಟ್ಟಿಯಲ್ಲಿ ಇಲ್ಲದ ಹರ್ಕ್ಯುಲೇನಿಯಂ ಆರಿಸಿದೆವು. ಅದೇ ಲೋಕಲ್ ರೈಲಿನಲ್ಲಿ ಪಾಂಪೇಗೆ ಅರ್ಧ ದಾರಿ. ಪಾಂಪೇಯ ಮುಂದೆ ತೀರಾ ಚಿಕ್ಕದು. ಇಪ್ಪತ್ತು ಮೀಟರಿನಷ್ಟು ಆಳದಲ್ಲಿ ಹೂತುಹೋಗಿದ್ದ ಊರಾದ್ದರಿಂದ ಈಗ ಅದು ಒಂದು ದೊಡ್ಡ ಹೊಂಡ. ಒಳಗೆ ಹೋಗೋ ದಾರಿ ಹೊಂಡದ ಅಂಚಿನಲ್ಲೇ ಸಾಗುತ್ತೆ, ಇಡೀ ಊರು ಕಾಲ ಕೆಳಗೆ ಕಾಣುತ್ತೆ. ಅಮ್ಮ ಅಲ್ಲೇ ಒಂದು ನೆರಳು ನೋಡಿ ಕೂತಳು. ಹೊಂಡದ ಆಚೆ ದಡದಲ್ಲಿ ಇವತ್ತಿನ ಎರ್ಕೊಲಾನೊ ಊರಿನ ಮನೆಗಳು, ಬಾಲ್ಕನಿಗಳಲ್ಲಿ ಒಣಗಿ ಹಾಕಿದ ಬಟ್ಟೆ. ಹಳೇ ಊರಿನ ಬಹುಭಾಗ ಆ ಮನೆಗಳ ಕೆಳಗೇ ಇದೆ. ಅಗೆಯಬೇಕಾದರೆ ಬದುಕಿರೋರನ್ನು ಎಬ್ಬಿಸಬೇಕು, ಅದಕ್ಕೇ ಅಗೆತ ಅಲ್ಲಿಗೆ ನಿಂತಿದೆ. ಅಮ್ಮ ಎರಡು ಗಂಟೆ ನೋಡಿದ್ದು ಹೆಚ್ಚಾಗಿ ಆ ಬಟ್ಟೆಗಳನ್ನೇ. ಯಾರ ಮನೇಲಿ ಎಷ್ಟು ಮಕ್ಕಳು ಅಂತ ಲೆಕ್ಕ ಹಾಕಿದ್ದಳು.

ನಾನು ಕೆಳಗಿಳಿದು ಹೋದೆ. ಆಗಿನ ಸಮುದ್ರತೀರದಲ್ಲಿ ಕಲ್ಲಿನ ಕಮಾನುಗಳ ಸಾಲು ಇದೆ, ದೋಣಿ ಇಡೋ ಕೋಣೆಗಳು. ಇವತ್ತು ಸಮುದ್ರ ಅಲ್ಲಿಂದ ಸಾಕಷ್ಟು ದೂರ. ಊರಿನವರೆಲ್ಲ ತಪ್ಪಿಸಿಕೊಂಡು ಹೋಗಿದ್ದರು ಅಂತಲೇ ಬಹಳ ಕಾಲ ನಂಬಿದ್ದರು, ಯಾಕಂದ್ರೆ ಮನೆಗಳಲ್ಲಿ ಎಲುಬುಗೂಡುಗಳು ಹೆಚ್ಚು ಸಿಕ್ಕಿರಲಿಲ್ಲ. 1980ರ ನಂತರ ಈ ತೀರವನ್ನು ಅಗೆದರೆ ಕಮಾನುಗಳ ಒಳಗೆ, ಮರಳಿನ ಮೇಲೆ, ಸುಮಾರು 300 ಜನ. ಸಮುದ್ರದ ಕಡೆಯಿಂದ ಯಾರಾದರೂ ಬರ್ತಾರೆ ಅಂತ ಕಾದು ಕೂತಿದ್ದರು ಅನ್ನೋದು ಬಿಟ್ಟು ಬೇರೇನು ಊಹಿಸೋದು? ನನ್ನ ಜೇಬಿನಲ್ಲಿ ಹಡಗಿನ ಕಾರ್ಡು, ಅದರ ಜೊತೆ 'ಐದೂವರೆಯೊಳಗೆ ಹತ್ತಿರಬೇಕು' ಅನ್ನೋ ಚೀಟಿ. ಆ ಕಮಾನುಗಳ ಮುಂದೆ ನಿಂತು ವಾಚು ನೋಡಿಕೊಳ್ಳೋದು ಸ್ವಲ್ಪ ಕಷ್ಟವೇ.

ಅವತ್ತು ಇದೇ ಕೊಲ್ಲಿಯಲ್ಲಿ ಹಡಗು ಹೊರಟಿತ್ತು. ಆಚೆ ತುದಿಯ ಮಿಸೇನಂನಲ್ಲಿ ರೋಮನ್ ನೌಕಾಪಡೆ, ಅದರ ಮುಖ್ಯಸ್ಥ ಹಿರಿಯ ಪ್ಲಿನಿ. ಭಾರತದ ಮೆಣಸನ್ನು ಚಿನ್ನ ಬೆಳ್ಳಿಯ ಹಾಗೆ ತೂಗಿ ಕೊಳ್ತಾರಲ್ಲ ಅಂತ ತನ್ನ ಗ್ರಂಥದಲ್ಲಿ ಗೊಣಗಿದ್ದಾನಲ್ಲ, ಅದೇ ಮನುಷ್ಯ. ವಿಚಿತ್ರ ಮೋಡ ಕಂಡಿತು, ಹತ್ತಿರದಿಂದ ನೋಡೋಣ ಅಂತ ಒಂದು ಸಣ್ಣ ಹಡಗು ಸಿದ್ಧ ಮಾಡಿಸಿದ. ಹದಿನೇಳರ ಸೋದರಳಿಯನನ್ನು 'ಬರ್ತೀಯಾ?' ಅಂತ ಕೇಳಿದ. ಹುಡುಗ, ಓದೋದಿದೆ, ಬರಲ್ಲ ಅಂದ. ಒಂದು ದಿನದ ವಿಹಾರವನ್ನು ಬೇಡ ಅಂದವರಲ್ಲಿ ಇವನಷ್ಟು ಪ್ರಸಿದ್ಧ ಇನ್ನೊಬ್ಬ ಇರಲಾರ. ಮಾವ ಮನೆಯಿಂದ ಹೊರಡುವಾಗ ರೆಕ್ಟಿನಾ ಅನ್ನೋ ಹೆಂಗಸಿನ ಪತ್ರ ಬಂತು: ಬೆಟ್ಟದ ಬುಡದಲ್ಲಿದ್ದೀನಿ, ಸಮುದ್ರ ಬಿಟ್ಟರೆ ದಾರಿ ಇಲ್ಲ, ಕಾಪಾಡಿ. ಅಲ್ಲಿಗೆ ವಿಹಾರ ಮುಗಿಯಿತು. ದೊಡ್ಡ ಹಡಗುಗಳನ್ನು ಇಳಿಸಿ ಜನರನ್ನು ತರೋಕೆ ಹೊರಟ. ದಡ ಹತ್ತೋಕೆ ಆಗಲಿಲ್ಲ, ಸ್ಟೇಬಿಯೆ ಕಡೆ ತಿರುಗಿದ, ಮಾರನೇ ದಿನ ಅಲ್ಲೇ ತೀರದಲ್ಲಿ ಸತ್ತ. ರೆಕ್ಟಿನಾ ಬದುಕಿದಳಾ? ಇದನ್ನೆಲ್ಲ ಮುಂದೆ ಟ್ಯಾಸಿಟಸ್‌ಗೆ ಪತ್ರದಲ್ಲಿ ಬರೆದ ಆ ಸೋದರಳಿಯ ಅದನ್ನು ಹೇಳೋದಿಲ್ಲ.

ಹುಡುಗ ಉಳಿದದ್ದರಿಂದ ಅವನ ಆಯ್ಕೆ ಸರಿಯಾಯಿತಾ? ಹಾಗಂತ ನಾನು ಒಪ್ಪೋದಿಲ್ಲ. ಆರಿಸೋವಾಗ ಮುಂದೆ ಏನಾಗುತ್ತೆ ಅಂತ ಅವನಿಗೂ ಗೊತ್ತಿರಲಿಲ್ಲ, ಮಾವನಿಗೂ ಗೊತ್ತಿರಲಿಲ್ಲ. ಮಾವ ನನಗೆ ದೊಡ್ಡವನಾಗಿ ಕಾಣೋದು ಸತ್ತದ್ದಕ್ಕಲ್ಲ. ನೋಡೋಕೆ ಅಂತ ಹೊರಟವನು ಒಂದು ಚೀಟಿ ಬಂದ ಕೂಡಲೇ ಹೊರಟ ಉದ್ದೇಶವನ್ನೇ ಬದಲಿಸಿಕೊಂಡನಲ್ಲ, ಅದಕ್ಕೆ. ಪ್ರವಾಸಿಗೆ ಅದು ಸುಲಭ ಅಲ್ಲ. ನಾವು ದುಡ್ಡು ಕೊಟ್ಟಿರ್ತೀವಿ.

ಅದೇ ಹುಡುಗನ ಇನ್ನೊಂದು ಪತ್ರ ಇದೆ, ಮಾರನೇ ದಿನದ್ದು. ಮಿಸೇನಂನಲ್ಲೂ ನೆಲ ನಡುಗಿ ಜನ ಓಡೋವಾಗ ಅವನ ತಾಯಿ ಹೇಳ್ತಾಳೆ: ನನಗೆ ವಯಸ್ಸಾಯಿತು, ಮೈ ಭಾರ, ನೀನು ಹುಡುಗ, ಓಡು. ಅವನು ಒಪ್ಪೋದಿಲ್ಲ. ಕೈ ಹಿಡಿದು, ಸ್ವಲ್ಪ ಬೇಗ ಹೆಜ್ಜೆ ಹಾಕಮ್ಮ ಅಂತ ಒತ್ತಾಯ ಮಾಡಿ ಕರ್ಕೊಂಡು ಹೋಗ್ತಾನೆ. ತಾಯಿ ಮನಸ್ಸಿಲ್ಲದೆ ನಡೀತಾಳೆ, ನಿನ್ನನ್ನು ತಡ ಮಾಡಿಸ್ತಿದ್ದೀನಿ ಅಂತ ತನ್ನನ್ನೇ ಬೈಕೊಳ್ತಾಳೆ. ಹತ್ತೊಂಬತ್ತು ಶತಮಾನದ ಹಿಂದಿನ ಮಾತು. ಎರ್ಕೊಲಾನೊ ರೈಲ್ವೆ ಸ್ಟೇಷನ್ನಿಗೆ ಹತ್ತೋ ಏರುದಾರಿಯಲ್ಲಿ ನಮ್ಮಮ್ಮನೂ ಹೆಚ್ಚುಕಡಿಮೆ ಅದನ್ನೇ ಹೇಳ್ತಿದ್ದಳು.

ಐದಕ್ಕೆ ಹಡಗು ಸೇರಿದೆವು. ರಾತ್ರಿ ಲಿವೊರ್ನೊ ಬಂದರಿನ ಪಟ್ಟಿ ಬಂತು. ಫ್ಲಾರೆನ್ಸ್‌ಗೆ ಹೋಗಿಬರೋಕೆ ಬಸ್ಸಿನಲ್ಲೇ ಮೂರು ಗಂಟೆ ಹೋಗುತ್ತೆ, ಪೀಸಾ ಹತ್ತಿರ. ಹೆಂಡತಿಗೆ ಫ್ಲಾರೆನ್ಸ್ ಬೇಕು. ಅಮ್ಮ ಕನ್ನಡಕ ಹಾಕಿಕೊಂಡು ಪಟ್ಟಿಯ ಚಿತ್ರಗಳನ್ನೆಲ್ಲ ನೋಡಿ, ಆ ವಾಲಿದ ಗೋಪುರದ ಹತ್ತಿರ ಹುಲ್ಲಿನ ಮೇಲೆ ಕೂತ್ಕೊಂಡಿರೋರನ್ನ ಯಾರೂ ಎಬ್ಬಿಸಲ್ವಾ ಅಂತ ಕೇಳಿದಳು.